ಲಿಫ್ಟಿನ ಬಿಲ್ಡಿಂಗಿನಲ್ಲಿ ಅತ್ತೆ, ನಾನು ಮತ್ತು ನೆಲೋಗಿಯ ಎಮ್ಮೆ

ನಾನು ದನದ ಡಾಕ್ಟರು. ಜೇವರ್ಗಿಗೆ ವರ್ಗವಾಗಿ ಬಂದ ಮೇಲೆ ಮೊದಲ ಮೂರು ವರ್ಷ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆ ಮನೆಗೆ ಬಾಗಿಲಿತ್ತು, ಆದರೆ ಅದನ್ನು ಬಾಗಿಲೆಂದು ಊರಲ್ಲಿ ಯಾರೂ ಒಪ್ಪಿರಲಿಲ್ಲ. ಕುರಿಯ ಹೊಟ್ಟೆ ಉಬ್ಬಿದರೆ, ಹೋರಿ ಕುಂಟಿದರೆ, ಕೋಳಿ ಸುಮ್ಮನೆ ಮುಖ ಸಪ್ಪಗೆ ಮಾಡಿಕೊಂಡರೂ ಜನ ನೇರ ಅಡುಗೆಮನೆಗೆ ಬರುತ್ತಿದ್ದರು. ಒಂದು ದಿನ ತಲೆಗೆ ಸೀಗೆಕಾಯಿ ಹಚ್ಚಿಕೊಂಡು ಬಚ್ಚಲಲ್ಲಿ ಕೂತಿದ್ದೇನೆ, ಮೇಲಿನ ಸಣ್ಣ ಕಿಟಕಿಯಿಂದ ಒಂದು ದನಿ ಬಂತು.

“ಡಾಕ್ಟರಮ್ಮಾರ, ಆಡು ಮೇವು ಬಿಟ್ಟದರಿ.”

“ನಾ ಜಳಕ ಮಾಡಾಕತ್ತೇನಿ!” ಎಂದು ಕಿರುಚಿದೆ.

“ಮಾಡ್ರಿ ಮಾಡ್ರಿ, ಅವಸರ ಏನಿಲ್ಲ. ನಾ ಇಲ್ಲೇ ನಿಂತಿರ್ತೇನಿ.”

ನಿಂತೇ ಇದ್ದ. ಆಡನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದ. ಅದು ನನ್ನ ತುಳಸಿ ಗಿಡ ತಿಂದು ಮುಗಿಸಿ, ಮೇವು ಬಿಟ್ಟಿದ್ದು ಸುಳ್ಳೆಂದು ತಾನೇ ಸಾಬೀತು ಮಾಡಿತ್ತು.

ನನ್ನ ಗಂಡ ಸೊನ್ನದ ಬ್ಯಾರೇಜಿನಲ್ಲಿ ಇಂಜಿನಿಯರು. ಭೀಮಾ ನದಿಯ ನೀರು ಎಷ್ಟು ನಿಲ್ಲಬೇಕು, ಎಷ್ಟು ಹರಿಯಬೇಕು ಎಂದು ನೋಡಿಕೊಳ್ಳುವವರಲ್ಲಿ ಒಬ್ಬ. ಸಂಜೆ ಮನೆಗೆ ಬಂದರೆ ನಮ್ಮ ನಲ್ಲಿಯಲ್ಲಿ ಹನಿ ಇರುತ್ತಿರಲಿಲ್ಲ. ನೀರು ಬಿಟ್ಟ ದಿನ ನದಿಯ ಅಧಿಕಾರಿ ಲುಂಗಿ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಕೊಡ ಹಿಡಿದು ಓಡುತ್ತಿದ್ದ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. “ಜಲ್ದಿ ಸಾಹೇಬ್ರ, ಹೊಂಟತು ಹೊಂಟತು!” ಎಂದು ಹುರುಪು ತುಂಬುತ್ತಲೂ ಇದ್ದರು.

ಹೀಗಿರುವಾಗ ಒಂದು ದಿನ ಪೇಪರಿನ ಜೊತೆ ನುಣುಪಾದ ಒಂದು ಕಾಗದ ಬಂತು. ‘ಬಿಡುವಿಲ್ಲದ ವೃತ್ತಿಪರರಿಗಾಗಿ ಐಷಾರಾಮಿ ಬದುಕು.’ ಚಿತ್ರದಲ್ಲಿ ಬಿಳಿ ಗೌನು ತೊಟ್ಟ ಹೆಣ್ಣುಮಗಳೊಬ್ಬಳು ಗಾಜಿನ ಗೋಡೆಯ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದಳು. ಹಿಂದೆ ನೀಲಿ ಸಮುದ್ರ.

“ಜೇವರ್ಗ್ಯಾಗ ಇದು ಯಾವ ಸಮುದ್ರ?” ಎಂದ ಗಂಡ. ಆಮೇಲೆ ವಿಳಾಸ ನೋಡಿ, “ಕಲಬುರಗಿ ರೋಡಿಗೆ, ತೊಗರಿ ಹೊಲದ ಬಾಜೂಕ್ಕ ಕಟ್ಟಾಕತ್ತಾರಲ್ಲ, ಅದ” ಎಂದು ನಕ್ಕ. ಉಳಿದದ್ದನ್ನು ಜೋರಾಗಿ ಓದಿದ. ಜಿಮ್ಮು, ಈಜುಕೊಳ, ಕ್ಲಬ್‌ಹೌಸು, ಹುಲ್ಲುಹಾಸು, ಇಪ್ಪತ್ನಾಲ್ಕು ತಾಸು ನೀರು, ಇಪ್ಪತ್ನಾಲ್ಕು ತಾಸು ಕಾವಲು. ನನ್ನ ಕಿವಿ ಕಡೆಯ ಎರಡಕ್ಕೇ ಅಂಟಿಕೊಂಡಿತು. ನೀರು. ಕಾವಲು.

ನೋಡಲು ಹೋದ ದಿನ ಮೇ ತಿಂಗಳ ಬಿಸಿಲು. ಅಂಥ ಬಿಸಿಲಲ್ಲಿ ಕರಿ ಕೋಟು ಹಾಕಿಕೊಂಡ ಒಬ್ಬ ಹುಡುಗಿ ನಮ್ಮನ್ನು ಎದುರುಗೊಂಡು, “ಮೇಡಂ, ನಿಮ್ಮ ಲೈಫ್‌ಸ್ಟೈಲ್ ಬಗ್ಗೆ ಸ್ವಲ್ಪ ಹೇಳ್ತೀರಾ?” ಎಂದಳು. ನಾನು ಹಳ್ಳಿಯೊಂದರಲ್ಲಿ ಆಕಳ ಗರ್ಭ ಪರೀಕ್ಷೆ ಮುಗಿಸಿ ನೇರ ಬಂದಿದ್ದೆ. ಮೊಣಕೈಗೆ ಇನ್ನೂ ಸಗಣಿ ಹತ್ತಿತ್ತು. ಇದೇ ಎಂದು ತೋರಿಸಿದೆ. ಪಾಪ, ಅವಳು ಕೈಯಲ್ಲಿದ್ದ ಪಟ್ಟಿಯಲ್ಲಿ ಏನೋ ಬರೆದುಕೊಂಡಳು. ಅಡುಗೆಮನೆ, ಹಾಲ್, ಬಾಲ್ಕನಿ ಎಲ್ಲ ತೋರಿಸಿ ಕೊನೆಗೆ ಬಚ್ಚಲಿಗೆ ಕರೆದೊಯ್ದಳು. ಮಾಳಿಗೆಯಿಂದಲೇ ಮಳೆಯಂತೆ ನೀರು ಬೀಳುತ್ತದಂತೆ. ನಾನು ನಾಲ್ಕೂ ಗೋಡೆ ನೋಡಿದೆ.

“ಕಿಟಕಿ ಇಲ್ಲೇನು?”

“ಸಾರಿ ಮೇಡಂ, ಇಲ್ಲಿ ಕಿಟಕಿ ಬರಲ್ಲ. ಆದ್ರೆ ಫ್ಯಾನ್ ಇದೆ...”

“ಸಹಿ ಎಲ್ಲಿ ಹಾಕಬೇಕು?” ಎಂದೆ.

ನಾಲ್ಕನೇ ಮಹಡಿಯ ಮನೆ ನಮ್ಮದಾಯಿತು. ಊರವರು ಆ ಕಟ್ಟಡದ ಇಂಗ್ಲಿಷ್ ಹೆಸರಿನ ಗೊಡವೆಗೇ ಹೋಗದೆ ಅದನ್ನು ‘ಲಿಫ್ಟಿನ ಬಿಲ್ಡಿಂಗು’ ಎಂದು ಕರೆದರು. ನಾವೂ ಹಾಗೇ ಕರೆದೆವು.

ನನ್ನ ಅತ್ತೆ ಇದ್ದದ್ದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ, ಹಿರಿಯ ಮಗನ ತುಂಬಿದ ಮನೆಯಲ್ಲಿ. ಸುದ್ದಿ ಕೇಳಿ ಫೋನಿನಲ್ಲೇ ಉರಿದುಬಿದ್ದರು. “ನಾಕನೇ ಮಾಳಗಿ? ಏನ್ ಗುಬ್ಬಿ ಏನ್ ನೀವು? ಕೆಳಗೊಬ್ರು ಮ್ಯಾಲೊಬ್ರು, ನಡುವ ನಾವು. ಮಂದಿ ತಲಿ ಮ್ಯಾಲೆ ಕುಂತು ಉಣ್ಣಾಕ ನಾಚಿಕಿ ಬರಂಗಿಲ್ಲೇನು?” ಗೃಹಪ್ರವೇಶಕ್ಕೆ ಎರಡು ದಿನ ಬರುತ್ತೇನೆ, ಸೋಮವಾರ ಹೊರಡುತ್ತೇನೆ ಎಂದು ಮೊದಲೇ ಹೇಳಿ ಬಂದರು.

ಪಾದಪೂಜೆಗೆ ಬಂದ ಸ್ವಾಮಿಗಳು ಲಿಫ್ಟಿನೊಳಗೆ ಕಾಲಿಡಲು ಒಪ್ಪಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಮಂತ್ರ ಹೇಳಲು ಉಸಿರಿರಲಿಲ್ಲ. ಅತ್ತೆ ಮಾತ್ರ ಲಿಫ್ಟು ಹತ್ತಿದರು. ಒಳಗಿನ ಕನ್ನಡಿಯಲ್ಲಿ ಮುಖ ನೋಡಿ ವಿಭೂತಿ ಸರಿ ಮಾಡಿಕೊಂಡರು. ಮೇಲೆ ಬಂದರು. ಇಳಿಯದೆ ಮತ್ತೆ ಕೆಳಗೆ ಹೋದರು. ಹೀಗೆ ಮೂರು ಸಲ ಓಡಾಡಿ ಬಂದು, “ಇದರಾಗ ಗಾಳಿ ಚಲೋ ಅದ” ಎಂದರು.

ಸೋಮವಾರ ಬಂತು. ಅತ್ತೆಯ ಚೀಲ ಅಲುಗಾಡಲಿಲ್ಲ. ಮಂಗಳವಾರ ಮಧ್ಯಾಹ್ನ ಊಟಕ್ಕೆ ಬಂದಾಗ ನೋಡುತ್ತೇನೆ, ಸೋಫಾಕ್ಕೆ ಬೆನ್ನು ಆನಿಸಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಟಿವಿ ಇಲ್ಲ, ಕೈಯಲ್ಲಿ ಕೆಲಸವೂ ಇಲ್ಲ.

“ಮುಂಜಾನಿಂದ ಯಾರೂ ಬಂದಿಲ್ಲ ನೋಡು,” ಎಂದರು.

“ಬರಂಗಿಲ್ರಿ ಅತ್ತಿ. ಬರಬೇಕಂದ್ರ ವಾಚ್‌ಮನ್ನು ಕೆಳಗಿಂದ ಫೋನ್ ಮಾಡ್ತಾನ. ನಾವು ಹೂಂ ಅಂದ್ರಷ್ಟ ಬಿಡ್ತಾನ.”

“ಬ್ಯಾಡ ಅಂದ್ರ?”

“ಬಿಡಂಗಿಲ್ಲ.”

ಅವರು ಚಾಚಿದ ಕಾಲು ಮಡಚಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. “ಹದಿನಾರಕ್ಕ ಲಗ್ನ ಆಗಿ ಆ ಮನಿಗಿ ಬಂದೆ. ಒಲಿ ಆರಿಸಿ ಕುಂಡ್ರಬೇಕು ಅನ್ನೋದ್ರಾಗ ಯಾರರ ಬಂದ ಬರ್ತಿದ್ರು. ಆಳುಗೋಳು, ಬೀಗರು, ಮಠದವರು, ಆ ಕಡಿಂದ ಕಬ್ಬು ಕಡಿಯಾಕ ಬಂದ ಮರಾಠಿ ಮಂದಿ. ಎಲ್ಲಾರಿಗೂ ರೊಟ್ಟಿ ಬಡದೆ. ಒಬ್ಬರಿಗೂ ಬ್ಯಾಡ ಅಂದಿಲ್ಲ. ಅನ್ನಬಹುದು ಅಂತ ಗೊತ್ತ ಇರಲಿಲ್ಲ ಬೇ.”

ಅಲ್ಲಿಯವರೆಗೆ ಈ ಮನೆ ನನ್ನ ಸುಖಕ್ಕೆ ಎಂದುಕೊಂಡಿದ್ದೆ. ಅತ್ತೆಗೆ ನನಗಿಂತ ಮೂವತ್ತು ವರ್ಷ ಹೆಚ್ಚಿನ ದಣಿವಿತ್ತು.

ಆ ದಿನದಿಂದ ಇಂಟರ್‌ಕಾಮು ಅವರದಾಯಿತು. ಗಂಟೆ ಬಾರಿಸಿದರೆ ಬೇರೆ ಯಾರೂ ಮುಟ್ಟುವಂತಿಲ್ಲ. “ಯಾರು?... ಬ್ಯಾಡ,” ಎಂದು ಇಟ್ಟುಬಿಡುತ್ತಿದ್ದರು. ವಿಮೆಯವನಿಗೆ ಬ್ಯಾಡ. ದೂರದ ಬೀಗರಿಗೆ ಬ್ಯಾಡ. ಹಾಗೆ ಅನ್ನುವ ರುಚಿ ಹತ್ತಿ ಹಾಲಿನವನಿಗೂ ಬ್ಯಾಡ ಅಂದರು. ಎರಡು ದಿನ ನಾವು ಕರಿ ಚಹಾ ಕುಡಿದೆವು.

ಆ ಕಟ್ಟಡದಲ್ಲಿದ್ದವರೆಲ್ಲ ನಮ್ಮಂಥವರೇ. ಹಲ್ಲಿನ ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಅಫಜಲಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಫಿಜಿಕ್ಸ್ ಲೆಕ್ಚರರು. ಎಲ್ಲರೂ ಕಾಗದದಲ್ಲಿ ಬರೆದಂತೆ ಬಿಡುವಿಲ್ಲದವರು. ಜಿಮ್ಮಿನ ಯಂತ್ರಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಈಜುಕೊಳದಲ್ಲಿ ಈಜಲು ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅದರ ಸುತ್ತ ಕುರ್ಚಿ ಹಾಕಿ ಕೂತು ನೀರು ನೋಡುತ್ತಿದ್ದೆವು. ನಮ್ಮ ಕಡೆಯ ಜನಕ್ಕೆ ಅದೂ ಕಡಿಮೆ ಸುಖವಲ್ಲ.

ಸಂಘದ ಅಧ್ಯಕ್ಷರು ಒಬ್ಬ ವಕೀಲರು, ನಮ್ಮ ಕೆಳಗಿನ ಮನೆಯವರು. ಮೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರು ವಾಟ್ಸಾಪಿನಲ್ಲಿ ಕೂಡ ‘ಮಾನ್ಯ ನಿವಾಸಿಗಳ ಗಮನಕ್ಕೆ’ ಎಂದೇ ಶುರು ಮಾಡುತ್ತಿದ್ದರು. ಬಾಲ್ಕನಿಯಲ್ಲಿ ಸೀರೆ ಒಣಹಾಕಬಾರದು. ಲಿಫ್ಟಿನಲ್ಲಿ ಉಗುಳಬಾರದು. ಹುಲ್ಲುಹಾಸಿನ ಮೇಲೆ ಕಾಲಿಡಬಾರದು. ಆ ಹುಲ್ಲಿನ ಮೇಲೆ ಅವರಿಗೆ ಬಹಳ ಪ್ರೀತಿ, ಸಂಜೆ ತಾವೇ ಪೈಪು ಹಿಡಿದು ನೀರು ಬಿಡುತ್ತಿದ್ದರು. ಒಂದು ದಿನ ನಮ್ಮ ಹೆಸರಿಗೇ ನೋಟೀಸು ಬಂತು. ‘ದಿನನಿತ್ಯ ಬೆಳಗಿನ ಐದೂವರೆಯಿಂದ ಮೇಲಿನ ಮನೆಯಲ್ಲಿ ಧಪಧಪ ಎಂಬ ಶಬ್ದ ಕೇಳಿಬರುತ್ತಿದ್ದು, ನಿದ್ರೆಗೆ ಭಂಗ ಉಂಟಾಗುತ್ತಿದೆ.’

ಅದು ಅತ್ತೆ ಜೋಳದ ರೊಟ್ಟಿ ಬಡಿಯುವ ಸದ್ದು. ಅವರು ಚೂರೂ ಬೇಜಾರಾಗದೆ ಹತ್ತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಟ್ಟಿ ನನ್ನ ಕೈಯಲ್ಲಿ ಕೆಳಗೆ ಕಳಿಸಿದರು. ಇನ್ನು ಮುಗಿಯಿತು ಎಂದುಕೊಂಡೆ. ರಾತ್ರಿ ಮೆಸೇಜು ಬಂತು. ‘ರೊಟ್ಟಿ ಉತ್ತಮವಾಗಿದ್ದವು. ಶಬ್ದದ ಕುರಿತ ದೂರು ಮುಂದುವರಿದಿದೆ.’

“ಖರೆ ವಕೀಲ,” ಎಂದು ಅತ್ತೆ ಮೆಚ್ಚಿಕೊಂಡರು. ಬಡಿಯುವುದನ್ನು ಆರೂವರೆಗೆ ಸರಿಸಿದರು.

ಇನ್ನು ಎಮ್ಮೆಯ ವಿಷಯ.

ಏಪ್ರಿಲಿನ ಒಂದು ರವಿವಾರ, ಬೆಳಗಿನ ಹತ್ತು ಗಂಟೆ. ಆಸ್ಪತ್ರೆಗೆ ರಜೆ. ನಾನು ಫೋನು ಆಫ್ ಮಾಡಿ, ಒಂದು ತಾಸು ಜಳಕ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಕೂತಿದ್ದೆ. ಇಂಟರ್‌ಕಾಮು ಸದ್ದು ಮಾಡಿತು. ಅತ್ತೆ ಎತ್ತಿಕೊಂಡರು, ಕೇಳಿದರು, ಅದರ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

“ಎಮ್ಮಿ ಬಂದದಂತ.”

“ಯಾರು?”

“ಎಮ್ಮಿ ಬೇ. ನೆಲೋಗಿದಂತ.”

ನಾನು ಕಸಿದುಕೊಂಡೆ. ನಮ್ಮ ವಾಚ್‌ಮನ್ನು ಬಸ್ ಕಂಡಕ್ಟರಾಗಿ ರಿಟೈರಾದ ಮನುಷ್ಯ. ಬರೆದುಕೊಳ್ಳದೆ ಯಾರನ್ನೂ ಒಳಗೆ ಬಿಟ್ಟವನಲ್ಲ. “ಮೇಡಂ, ಮಾಲಕನ ಹೆಸರು ರಿಜಿಸ್ಟರಿನ್ಯಾಗ ಬರದೇನ್ರಿ. ಎಮ್ಮಿಗೆ ಹೆಸರಿಲ್ಲಂತ್ರಿ. ಬಂದ ಕಾರಣ ಅನ್ನೋ ಕಡಿ ‘ಈಯಾಕ’ ಅಂತ ಬರಿಲೇನ್ರಿ?”

ಈಗಲೂ ಹೇಳಲು ನನಗೆ ನಾಚಿಕೆಯಿಲ್ಲ, ನಾನು ಹೇಳಿದ್ದು ಇಷ್ಟೇ: “ಮನ್ಯಾಗಿಲ್ಲ ಅಂತ ಹೇಳ್ರಿ. ಕಲಬುರಗಿಗಿ ಹೊಡಕೊಂಡು ಹೋಗಾಕ ಹೇಳ್ರಿ.” ಇಟ್ಟುಬಿಟ್ಟೆ.

“ಬರೋಬ್ಬರಿ ಹೇಳಿದಿ,” ಎಂದರು ಅತ್ತೆ, ಮಗ್ಗಿ ಒಪ್ಪಿಸಿದ ಮಗುವಿಗೆ ಮಾಸ್ತರರು ಹೇಳಿದ ಹಾಗೆ.

ಆದರೆ ಬಾಲ್ಕನಿಗೆ ಹೋಗಿ ನೋಡಿದ್ದು ನನ್ನ ತಪ್ಪು. ಗೇಟಿನ ಹೊರಗೆ ಸಣ್ಣ ಗೂಡ್ಸ್ ಗಾಡಿ. ಅದರಲ್ಲಿ ಎಮ್ಮೆ ಕೂರುತ್ತಿತ್ತು, ಏಳುತ್ತಿತ್ತು, ಹಿಂಗಾಲಿನಿಂದ ತನ್ನ ಹೊಟ್ಟೆಗೇ ಒದ್ದುಕೊಳ್ಳುತ್ತಿತ್ತು. ತಿಣುಕುತ್ತಿತ್ತು, ಏನೂ ಬರುತ್ತಿರಲಿಲ್ಲ. ರೈತ ಬಾಟಲಿಯಿಂದ ಅದರ ನೆತ್ತಿಗೆ ನೀರು ಹಾಕಿ ಟವೆಲಿನಿಂದ ಗಾಳಿ ಬೀಸುತ್ತಿದ್ದ. ಅವನು ಒಂದು ಸಲ ಮೇಲೆ ನೋಡಿದ್ದರೆ ನಾನು ಸಿಟ್ಟು ಬಂದು ಒಳಗೆ ಹೋಗಿಬಿಡುತ್ತಿದ್ದೆ. ಅವನು ನೋಡಲಿಲ್ಲ. ಇಲ್ಲ ಅಂದದ್ದನ್ನು ನಂಬಿ, ಗಾಡಿ ತಿರುಗಿಸಲು ಡ್ರೈವರನಿಗೆ ಕೈ ಮಾಡುತ್ತಿದ್ದ. ಆ ಹೊಟ್ಟೆ ಇಟ್ಟುಕೊಂಡು ಕಲಬುರಗಿ ಮುಟ್ಟುವವರೆಗೆ ಎಮ್ಮೆ ಉಳಿಯುತ್ತಿರಲಿಲ್ಲ.

“ನಿಂದರ್ರೀ!” ಎಂದು ನಾಲ್ಕನೇ ಮಹಡಿಯಿಂದ ಕೂಗಿದೆ.

“ಹೋಗಬ್ಯಾಡ ಬೇ,” ಎಂದರು ಅತ್ತೆ. “ಇವತ್ತ ಹೋದ್ರ ನಾಳಿಂದ ದಿನಾ ಬರ್ತಾರ.”

ಅವರ ಮಾತು ನಿಜವೆಂದು ನನಗೂ ಗೊತ್ತಿತ್ತು. ಚಪ್ಪಲಿ ಹುಡುಕುವಷ್ಟು ತಾಳ್ಮೆಯಿಲ್ಲದೆ ಬರಿಗಾಲಲ್ಲಿ ಇಳಿದೆ.

ಕೈ ಹಾಕಿ ನೋಡಿದೆ. ಗರ್ಭಚೀಲ ಬಲಕ್ಕೆ ತಿರುಚಿಕೊಂಡಿತ್ತು, ಹಿಂಡಿದ ಒದ್ದೆ ಪಂಜೆಯ ಹಾಗೆ. ಕರು ಒಳಗೆ ಜೀವಂತವಿತ್ತು, ಹಾದಿಯಿರಲಿಲ್ಲ. ಇದಕ್ಕೆ ಒಂದು ಹಳೆಯ ಉಪಾಯವುಂಟು. ಎಮ್ಮೆಯನ್ನು ಬಲಮಗ್ಗುಲಿಗೆ ಕೆಡವಿ, ಹೊಟ್ಟೆಯ ಮೇಲೆ ಉದ್ದನೆಯ ಹಲಗೆಯಿಟ್ಟು, ಕರು ಅಲ್ಲಾಡದಂತೆ ಅದರ ಮೇಲೆ ಒಬ್ಬ ಭಾರದ ಮನುಷ್ಯನನ್ನು ನಿಲ್ಲಿಸಿ, ಕಾಲಿಗೆ ಹಗ್ಗ ಹಾಕಿ ಎಮ್ಮೆಯನ್ನು ಉರುಳಿಸಬೇಕು. ಒಳಗಿನದು ನಿಂತು ಹೊರಗಿನದು ತಿರುಗಿದರೆ ತಿರುಚು ಬಿಚ್ಚುತ್ತದೆ. ಅದಕ್ಕೆ ಮೆತ್ತನೆಯ, ಸಪಾಟು ನೆಲ ಬೇಕು. ಹೊರಗೆ ಏಪ್ರಿಲಿನ ಎರೆಭೂಮಿ, ಕಾಲು ಸಿಕ್ಕುವಷ್ಟು ಬಿರುಕು. ಒಳಗೆ ಕಾಂಕ್ರೀಟು. ಇಡೀ ಸೀಮೆಯಲ್ಲಿ ಮೆತ್ತನೆಯ ನೆಲ ಒಂದೇ ಕಡೆ ಇತ್ತು.

ಎಮ್ಮೆಯನ್ನು ಹುಲ್ಲುಹಾಸಿನ ಮೇಲೆ ತಂದು ನಿಲ್ಲಿಸುವ ಹೊತ್ತಿಗೆ ವಕೀಲರು ವಾಕಿಂಗಿನ ಪ್ಯಾಂಟಿನಲ್ಲಿ ಓಡಿ ಬಂದರು.

“ಏನ್ ಮೇಡಂ ಇದು! ನಿಯಮದ ಪ್ರಕಾರ ಸಾಕುಪ್ರಾಣಿಗೋಳನ್ನ...”

“ಸಾಕುಪ್ರಾಣಿ ಅಲ್ರಿ ವಕೀಲ್ ಸಾಹೇಬ್ರ, ಪೇಶಂಟು. ನಿಮ್ಮ ತೂಕ ಎಷ್ಟ್ರಿ?”

“ಯಾಕ?”

“ಜಲ್ದಿ ಹೇಳ್ರಿ.”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ತೊಂಬತ್ತಾರು.”

“ನೀವ ಬೇಕು. ಬೂಟು ಬಿಚ್ಚ್ರಿ.”

ಇನ್ನೂ ಮುಗಿಯದ ಎರಡನೇ ಬ್ಲಾಕಿನಿಂದ ನನ್ನ ಗಂಡ ಸೆಂಟ್ರಿಂಗ್ ಹಲಗೆ ಹೊತ್ತು ತಂದ. ಹಲ್ಲಿನ ಡಾಕ್ಟರು, ಬ್ಯಾಂಕ್ ಮ್ಯಾನೇಜರು ಹಗ್ಗ ಹಿಡಿದರು. ಫಿಜಿಕ್ಸ್ ಲೆಕ್ಚರರು ಇದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸತೊಡಗಿದಾಗ ಅವರ ಕೈಗೂ ಹಗ್ಗ ಕೊಟ್ಟೆ. ಬಾಲ್ಕನಿಗಳಲ್ಲಿ ಜನ. ನಾಲ್ಕನೇ ಮಹಡಿಯಲ್ಲಿ ನಮ್ಮ ಅತ್ತೆ. ಕೆಳಗಿಳಿಯದೆ ಅಲ್ಲಿಂದಲೇ ಕೂಗುತ್ತಿದ್ದರು: “ಲೇ, ಆ ಗಂಟು ಬಿಚ್ಚತದ! ಹಲ್ಲಿನ ಡಾಕ್ಟರ್ರ, ಬಿಗಿ ಹಿಡೀರಿ!”

ಮೊದಲ ಸಲ ಉರುಳಿಸಿದೆವು. ಕೈ ಹಾಕಿ ನೋಡಿದೆ, ತಿರುಚು ಹಾಗೇ ಇತ್ತು. ಎರಡನೇ ಸಲ ವಕೀಲರು ಹಲಗೆಯಿಂದ ಜಾರಿ ಎಮ್ಮೆಯ ಕುತ್ತಿಗೆಯ ಮೇಲೆ ಬಿದ್ದರು. ಎಮ್ಮೆ ‘ಹ್ಞೂಂ’ ಎಂದಿತು, ವಕೀಲರೂ ಹಾಗೇ ಎಂದರು. ರೈತ ತನ್ನ ಎಮ್ಮೆಯನ್ನು ಬಿಟ್ಟು ಮೊದಲು ವಕೀಲರನ್ನು ಎತ್ತಿದ. “ಬೆಳಗಾಗೋದ್ರಾಗ ಬ್ಯಾನಿ ಹತ್ಯದರಿ. ಉಳಿತದೇನ್ರಿ ಡಾಕ್ಟರಮ್ಮಾರ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. “ಹಗ್ಗ ಹಿಡಿ” ಎಂದೆ.

ಮೂರನೇ ಸಲ ವಕೀಲರು ಎರಡೂ ಕಾಲು ಅಗಲಿಸಿ, ಕಚ್ಚಿದ ಹಲ್ಲು ಬಿಡದೆ, ಕೋರ್ಟಿನಲ್ಲಿ ಎಂದೂ ನಿಂತಿರದ ಹಾಗೆ ನಿಂತರು. ಎಮ್ಮೆ ಸಾವಕಾಶ ಹೊರಳಿತು. ಒಳಗೆ ಏನೋ ಸಡಿಲಾಗಿ, ಬಿಂದಿಗೆ ಬೋರಲಾದಂತೆ ನೀರು ಒಮ್ಮೆಗೇ ನುಗ್ಗಿ ಹಲ್ಲಿನ ಡಾಕ್ಟರ ಬಿಳಿ ಬೂಟು ತುಂಬಿತು. ಅವರು ಕೂಗಿದ್ದು ಹೇಸಿಗೆಯಿಂದಲೋ ಖುಷಿಯಿಂದಲೋ ನನಗಿನ್ನೂ ತಿಳಿದಿಲ್ಲ.

ಎಳೆದೆವು. ಮುಂಗಾಲೆರಡು, ಮೂತಿ, ಆಮೇಲೆ ಪೂರಾ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಿರಲಿಲ್ಲ. ಮೂಗು ಬಾಯಿ ಒರೆಸಿದೆ, ಎದೆ ತಿಕ್ಕಿದೆ. ಐದೂ ಮಹಡಿಯ ಜನ ಬಾಲ್ಕನಿಯ ಕಂಬಿಗೆ ಬಾಗಿದರು. ಕೈಗೆ ಸಿಕ್ಕ ಒಂದು ಹುಲ್ಲುಕಡ್ಡಿ ಕಿತ್ತು ಅದರ ಮೂಗಿನ ಹೊಳ್ಳೆಗೆ ಚುಚ್ಚಿದೆ. ಇನ್ನೊಮ್ಮೆ ಚುಚ್ಚಿದೆ. ಕರು ಸೀನಿತು. ಹೆಣ್ಣು ಕರು.

ಚಪ್ಪಾಳೆ ಬಿದ್ದವು. ವಕೀಲರು ಹಲಗೆಯ ಮೇಲೆಯೇ ಕುಸಿದು ಕೂತು ಕಣ್ಣೊರೆಸಿಕೊಂಡರು. ರೈತ ಕೈಮುಗಿದು, “ಹುಲ್ಲು ಹಾಳಾತಲ್ರಿ ಸಾಹೇಬ್ರ” ಎಂದ. ಅವರು ಉತ್ತರ ಕೊಡುವ ಮೊದಲೇ ಎಮ್ಮೆ ಎದ್ದು ನಿಂತು, ಕರುವನ್ನು ಎರಡು ಸಲ ನೆಕ್ಕಿ, ತಲೆ ಬಗ್ಗಿಸಿ ಉಳಿದ ಹುಲ್ಲು ತಿನ್ನತೊಡಗಿತು. ಯಾರೂ ತಡೆಯಲಿಲ್ಲ.

ಮರುದಿನ ‘ಮಾನ್ಯ ನಿವಾಸಿಗಳ ಗಮನಕ್ಕೆ’ ಬಂದೇ ಬಂತು. ತುರ್ತು ಸಂದರ್ಭದಲ್ಲಿ ದೊಡ್ಡ ಪ್ರಾಣಿಗಳು ಹಿಂದಿನ ಗೇಟಿನಿಂದ ಮಾತ್ರ, ಅದೂ ಅಧ್ಯಕ್ಷರಿಗೆ ತಿಳಿಸಿ ಬರತಕ್ಕದ್ದು. ಆದರೆ ಅಷ್ಟರಲ್ಲಿ ವಕೀಲರು ತಮ್ಮ ವಾಟ್ಸಾಪಿನ ಫೋಟೋ ಬದಲಿಸಿದ್ದರು. ಕರಿ ಕೋಟಿನ ಫೋಟೋ ಹೋಗಿ, ಎಮ್ಮೆಯ ಹೊಟ್ಟೆಯ ಮೇಲೆ ಬರಿಗಾಲಲ್ಲಿ ನಿಂತ ಫೋಟೋ ಬಂದಿತ್ತು. ಮೂರನೇ ದಿನ ನೆಲೋಗಿಯ ಬಸ್ಸಿನಲ್ಲಿ ಗಿಣ್ಣದ ಹಾಲಿನ ಕ್ಯಾನು ಬಂತು. ಅತ್ತೆ ಬೆಲ್ಲ, ಏಲಕ್ಕಿ ಹಾಕಿ ಕಾಸಿದರು. ಮನೆಮನೆಗೆ ಕೊಟ್ಟು ಬರಲೇ ಎಂದು ಕೇಳಿದರೆ, “ನಾವ್ಯಾಕ ಹೋಗಬೇಕು? ಫೋನ್ ಮಾಡಿ ಬರ್ಲಿ” ಎಂದರು. ಬಂದರು. ವಕೀಲರು ಎರಡು ಸಲ ಬಂದರು.

ಅತ್ತೆ ಹೇಳಿದಂತೆಯೇ ಆಯಿತು. ಆಮೇಲಿನ ತಿಂಗಳುಗಳಲ್ಲಿ ಗೇಟಿಗೆ ಆಡು ಬಂದವು, ಒಂದು ಹೋರಿ ಬಂತು, ಪಂಜರದಲ್ಲಿ ಒಂದು ಗಿಳಿಯೂ ಬಂತು. ನಿಜಕ್ಕೂ ತುರ್ತಿದ್ದರೆ ಇಳಿದೆ. ಉಳಿದವರಿಗೆ ಅತ್ತೆ ಇಂಟರ್‌ಕಾಮಿನಲ್ಲಿ ಬ್ಯಾಡ ಅಂದರು, ಅವರು ಸೋಮವಾರ ಆಸ್ಪತ್ರೆಗೆ ಬಂದರು, ಒಂದು ಪ್ರಾಣಿಯೂ ಸಾಯಲಿಲ್ಲ. ಬಾಗಿಲು ಹಾಕಿಕೊಳ್ಳುವುದು ಪಾಪವೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಕಿಕೊಳ್ಳುತ್ತೇನೆ, ಸುಖವಾಗಿದೆ.

ದಸರೆಗೆ ಮುಂಚೆ ನನ್ನ ಭಾವ ಜೀಪು ತೆಗೆದುಕೊಂಡು ಬಂದರು. ತಾಯಿ ಊರು ಬಿಟ್ಟು ಏಳೆಂಟು ತಿಂಗಳಾಯಿತು, ಜನ ಏನೇನೋ ಕೇಳುತ್ತಾರೆ ಎಂದು ಅವರಿಗೆ ಮುಜುಗರ. “ಯವ್ವಾ, ಇಲ್ಲಿ ನಿನಗ ಬ್ಯಾಸರ ಆಗಂಗಿಲ್ಲೇನು? ಮಾತಾಡಾಕ ಒಬ್ಬರೂ ಇಲ್ಲ.”

“ಅದಕ್ಕ ಇದ್ದೀನಿ,” ಎಂದರು ಅತ್ತೆ. ಆದರೂ ಮಗನ ಮುಖ ನೋಡಿ ಎಂಟು ದಿನಕ್ಕೆಂದು ಚೀಲ ತುಂಬಿಕೊಂಡು ಹೋದರು.

ನಾಲ್ಕನೇ ದಿನ ಮಧ್ಯಾಹ್ನ ವಾಚ್‌ಮನ್ನಿನ ಫೋನು ಬಂತು. “ನಿಮ್ಮ ಅತ್ತಿಯಾರು ಬಂದಾರ್ರಿ. ಒಳಗ ಬಿಡ್ಲೇನ್ರಿ?” ಹಿಂದಿನಿಂದ ಅತ್ತೆ ಅವನಿಗೆ ಬೈಯುವುದು ಕೇಳಿಸುತ್ತಿತ್ತು. ಕಿಣ್ಣಿ ಸುಲ್ತಾನದಿಂದ ಆಳಂದಕ್ಕೆ, ಆಳಂದದಿಂದ ಕಲಬುರಗಿಗೆ, ಅಲ್ಲಿಂದ ಜೇವರ್ಗಿಗೆ, ಮೂರು ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು.

“ಯಾಕ್ರಿ ಅತ್ತಿ, ಎಂಟು ದಿನ ಅಂದಿದ್ರಿ?”

“ಹೋದೆ, ಎಲ್ಲಾರ ಮಾರಿ ನೋಡಿದೆ. ಚಲೋ ಅದಾರ.” ಚೀಲವನ್ನು ಮೂಲೆಗೆ ತಳ್ಳಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ನಾಕು ದಿನದಾಗ ಅರವತ್ತು ಮಂದಿ ಬಂದು, ಸೊಸಿ ಹ್ಯಾಂಗದಾಳ, ಮನಿ ಹ್ಯಾಂಗದ ಅಂತ ಕೇಳಿದ್ರು.”

“ಏನಂದ್ರಿ?”

“ಭಾಳ ತ್ರಾಸ ಅದ ಅಂದೆ. ಚಲೋ ಅದ ಅಂದ್ರ ಎಲ್ಲಾರೂ ಬರ್ತಾರ.”

ಅಷ್ಟು ಹೇಳಿ ಫ್ಯಾನು ಜೋರು ಮಾಡಿಸಿ, ತಣ್ಣನೆಯ ನೆಲದ ಮೇಲೆ ಮೈ ಚೆಲ್ಲಿದರು. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು. ನಾನು ಪಕ್ಕದಲ್ಲೇ ದಿಂಬು ಹಾಕಿಕೊಂಡು ಮಲಗಿದೆ.